ಬಿಲ್ಲಿಗೇಕೆ ತೂಕದ ಕೋಲು?

2023ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಬಿಲ್ಲುಗಾರಿಕೆ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮಹಿಳೆಯರ ಕಾಂಪೌಂಡ್ ತಂಡ ಚಿನ್ನದ ಪದಕ ಗೆದ್ದಿತು. ಆ ಚಿತ್ರಗಳನ್ನು ಪತ್ರಿಕೆಯಲ್ಲೋ ಟಿ.ವಿ.ಯಲ್ಲೋ ನೋಡಿದವರಿಗೆ ಒಂದು ಪ್ರಶ್ನೆ ಮೂಡಿರಬಹುದು. ಬಿಲ್ಲಿನ ಹಿಡಿಯ ಬಳಿಯಿಂದ ಮುಂದಕ್ಕೆ ಚಾಚಿದ ಮುಕ್ಕಾಲು ಮೀಟರ್ ಉದ್ದದ ಕೋಲು, ಹಿಂದಕ್ಕೆ ಓರೆಯಾಗಿ ಇನ್ನೊಂದು ಗಿಡ್ಡ ಕೋಲು, ತುದಿಗಳಲ್ಲಿ ಬಿಲ್ಲೆಬಿಲ್ಲೆಯಾಗಿ ಪೇರಿಸಿದ ಲೋಹದ ತೂಕಗಳು. ಬಾಣಕ್ಕೂ ಇವಕ್ಕೂ ನೇರ ಸಂಬಂಧವಿಲ್ಲ. ಕೈಗೆ ಭಾರವಾಗುವ ಈ ಸಾಮಾನನ್ನು ಬೇಕೆಂದೇ ಹೊರುವುದೇಕೆ?

ಇವುಗಳ ಹೆಸರು ಸ್ಟೆಬಿಲೈಸರ್. ಸ್ಪರ್ಧೆಯ ಬಿಲ್ಲಿನಲ್ಲಿ ಇವು ಎದ್ದು ಕಾಣುತ್ತವೆ. ಆದರೆ ಇವುಗಳ ಲೆಕ್ಕಾಚಾರ ನಿಜಕ್ಕೂ ಕಠಿಣವಾಗುವುದು ಅಮೆರಿಕದ ಕಾಡುಗಳಲ್ಲಿ ಜಿಂಕೆ ಬೇಟೆಗೆ ಬಳಸುವ ಗಿಡ್ಡ ಕಾಂಪೌಂಡ್ ಬಿಲ್ಲಿನಲ್ಲಿ. ಅಲ್ಲಿ ಪರವಾನಗಿ ಪಡೆದು, ನಿಗದಿತ ಋತುವಿನಲ್ಲಿ ಬಿಲ್ಲಿನಿಂದ ಬೇಟೆಯಾಡಲು ಅವಕಾಶವಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಬೇಟೆ ನಿಷಿದ್ಧ. ಬೇಟೆ ನಮಗೆ ಬೇಡ. ಅದರ ಭೌತವಿಜ್ಞಾನವನ್ನಷ್ಟೇ ನೋಡೋಣ.

ಕಾಂಪೌಂಡ್ ಬಿಲ್ಲು ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬಾತನ ಕಲ್ಪನೆ. 1969ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಬಿಲ್ಲಿನ ಎರಡು ತುದಿಗಳಲ್ಲಿ ಕೇಂದ್ರ ತಪ್ಪಿಸಿ ಕೂರಿಸಿದ ರಾಟೆಗಳಿರುತ್ತವೆ. ಹೆದೆಯನ್ನು ಪೂರ್ತಿ ಎಳೆದಾಗ ರಾಟೆಗಳು ತಿರುಗಿ, ಬಿಲ್ಲುಗಾರನ ಬೆರಳಿಗೆ ತಗಲುವ ಬಲ ಥಟ್ಟನೆ ಇಳಿಯುತ್ತದೆ. ಎಳೆಯುವಾಗ 27 ಕಿ.ಗ್ರಾಂ. ತೂಕದಷ್ಟು ಬಲ ಬೇಕಾಗುವ ಬಿಲ್ಲನ್ನು, ಶೇ. 80ರಷ್ಟು ಇಳಿಕೆಯಿದ್ದರೆ, ಹಿಡಿದು ನಿಲ್ಲಿಸಲು ಸುಮಾರು 5.5 ಕಿ.ಗ್ರಾಂ. ತೂಕದಷ್ಟು ಬಲ ಸಾಕು. ಹಾಗಾಗಿ ನಿಧಾನವಾಗಿ ಗುರಿ ಹಿಡಿಯಬಹುದು. ಆದರೆ ಕಾಡಿನಲ್ಲಿ ಒಯ್ಯಲು ಅನುಕೂಲವಾಗಲೆಂದು ಬೇಟೆ ಬಿಲ್ಲನ್ನು ಗಿಡ್ಡವಾಗಿಯೂ ಹಗುರವಾಗಿಯೂ ಮಾಡುತ್ತಾರೆ. ರಾಟೆಯಿಂದ ರಾಟೆಗೆ ಸುಮಾರು 75–80 ಸೆಂ.ಮೀ.; ತೂಕ 1.8 ಕಿ.ಗ್ರಾಂ.ನ ಆಸುಪಾಸು. ಇಂಥ ಬಿಲ್ಲು ಕೈಯಲ್ಲಿ ಸುಲಭವಾಗಿ ಹೊರಳುತ್ತದೆ.

ಹೊರಳಿದರೇನು? ಒಂದು ಲೆಕ್ಕ ಮಾಡೋಣ. ಜಿಂಕೆ 36 ಮೀಟರ್ ದೂರದಲ್ಲಿದೆ, ಬಾಣದ ವೇಗ ಸೆಕೆಂಡಿಗೆ 85 ಮೀಟರ್. ಗುರಿ ತಲಪಲು ಸುಮಾರು 0.42 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವದಿಂದ ಬಾಣ ಸುಮಾರು 88 ಸೆಂ.ಮೀ. ಕುಸಿಯುತ್ತದೆ. ಆದ್ದರಿಂದ ಬಾಣದ ಮೊನೆ ಗುರಿಗಿಂತ 88 ಸೆಂ.ಮೀ. ಮೇಲಕ್ಕೆ ನೋಡುವಂತೆ ಸೈಟನ್ನು ಹೊಂದಿಸಿರುತ್ತಾರೆ. ಈ 88 ಸೆಂ.ಮೀ. ಅಂತರವನ್ನು ಹನ್ನೆರಡು ಗಂಟೆ ತೋರಿಸುವ ಗಡಿಯಾರದ ಮುಳ್ಳೆಂದು ಭಾವಿಸಿ. ಬಿಲ್ಲು ಬಲಕ್ಕೆ 5 ಡಿಗ್ರಿ ವಾಲಿದರೆ ಮುಳ್ಳೂ 5 ಡಿಗ್ರಿ ವಾಲುತ್ತದೆ. ಅದರ ತುದಿ 88 × ಸೈನ್ 5°, ಅಂದರೆ 7.7 ಸೆಂ.ಮೀ. ಬಲಕ್ಕೆ ಸರಿಯುತ್ತದೆ. ಬಾಣವೂ ಅಷ್ಟೇ ಬಲಕ್ಕೆ ಬೀಳುತ್ತದೆ. ಅಮೆರಿಕದ ಬಿಳಿಬಾಲದ ಜಿಂಕೆಯಲ್ಲಿ ಹೃದಯ, ಶ್ವಾಸಕೋಶಗಳಿರುವ ಭಾಗದ ವ್ಯಾಸ ಸುಮಾರು 20–25 ಸೆಂ.ಮೀ. ನಡುವಿನಿಂದ ಅಂಚಿಗೆ ಇರುವುದೇ ಹತ್ತು–ಹನ್ನೆರಡು ಸೆಂ.ಮೀ. ಅದರ ಬಹುಪಾಲನ್ನು ವಾಲಿಕೆಯೊಂದೇ ನುಂಗಿದರೆ, ಕೈನಡುಕಕ್ಕೆ ಉಳಿಯುವ ಅವಕಾಶ ಅತ್ಯಲ್ಪ. ಸ್ಪರ್ಧೆಯಲ್ಲಿ ಇಂಥ ತಪ್ಪಿಗೆ ಒಂದೆರಡು ಅಂಕ ಹೋಗುತ್ತದೆ. ಬೇಟೆಯಲ್ಲಿ ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ.

ಬಿಲ್ಲು ವಾಲಲು ಕಾರಣ ಅದಕ್ಕೆ ಕಟ್ಟಿದ ಸಾಮಾನುಗಳೇ. ಬಲಗೈಯಿಂದ ಹೆದೆ ಎಳೆಯುವವರ ಬಿಲ್ಲಿನಲ್ಲಿ ಸೈಟ್, ಬಾಣದ ಆಸರೆ, ಬತ್ತಳಿಕೆ ಎಲ್ಲವೂ ಬಲಮಗ್ಗುಲಲ್ಲೇ ಕೂರುತ್ತವೆ. ಐದು ಬಾಣಗಳಿರುವ ಬತ್ತಳಿಕೆ 450 ಗ್ರಾಂ ತೂಗುತ್ತದೆ, ಅದು ಬಿಲ್ಲಿನ ನಡುಗೆರೆಯಿಂದ 8 ಸೆಂ.ಮೀ. ಬಲಕ್ಕಿದೆ ಎಂದುಕೊಳ್ಳಿ. ಸೈಟ್ 250 ಗ್ರಾಂ, 4 ಸೆಂ.ಮೀ. ಬಲಕ್ಕೆ. ಬಿಲ್ಲನ್ನು ಬಲಕ್ಕೆ ಹೊರಳಿಸುವ ಟಾರ್ಕ್ 450 × 8 + 250 × 4 = 4600 ಗ್ರಾಂ-ಸೆಂ.ಮೀ. ಇದನ್ನು ಸರಿದೂಗಿಸಲು ಎಡಕ್ಕೆ 20 ಸೆಂ.ಮೀ. ದೂರದಲ್ಲಿ 230 ಗ್ರಾಂ ತೂಕವಿಟ್ಟರೆ ಸಾಕು. ಇಲ್ಲಿಯವರೆಗೆ ಇದು ತಕ್ಕಡಿಯ ತತ್ತ್ವ, ಹೈಸ್ಕೂಲಿನ ಪಾಠ. ತೂಕವಿಡದೆ ಮಣಿಕಟ್ಟನ್ನು ತಿರುಚಿ ಬಿಲ್ಲನ್ನು ನೆಟ್ಟಗೆ ಹಿಡಿಯಬಹುದಲ್ಲವೇ? ಹಿಡಿಯಬಹುದು. ಆದರೆ ಹಾಗೆ ತಿರುಚಿ ಹಿಡಿದ ಸ್ನಾಯು ದಣಿಯುತ್ತದೆ, ಮತ್ತು ಒಂದೊಂದು ಸಲ ಒಂದೊಂದು ಅಳತೆಯಲ್ಲಿ ತಿರುಚುತ್ತದೆ.

ಇನ್ನು ಸ್ವಾರಸ್ಯದ ಸಂಗತಿಗೆ ಬರೋಣ. ಬಿಲ್ಲು ಸಮತೋಲನದಲ್ಲಿರುವುದು ಬೇರೆ, ಅಲುಗದಿರುವುದು ಬೇರೆ. ಒಂದು ಮೀಟರ್ ಪಟ್ಟಿಯ ನಟ್ಟನಡುವೆ ಕೈ ಹಿಡಿಯಲು ಜಾಗ ಬಿಟ್ಟು, ಅದರ ಎರಡೂ ಬದಿಗೆ 200 ಗ್ರಾಂ.ನ ಎರಡು ತೂಕಗಳನ್ನು ದಾರದಿಂದ ಬಿಗಿದು ಕಟ್ಟಿ. ನಡುವೆ ಹಿಡಿದು ಎಡಕ್ಕೂ ಬಲಕ್ಕೂ ಚಕಚಕನೆ ತಿರುಗಿಸಿ. ಈಗ ಅದೇ ತೂಕಗಳನ್ನು ಪಟ್ಟಿಯ ಎರಡು ತುದಿಗಳಿಗೆ ಸರಿಸಿ ಮತ್ತೆ ತಿರುಗಿಸಿ. ಒಟ್ಟು ತೂಕ ಬದಲಾಗಿಲ್ಲ, ಸಮತೋಲನವೂ ಕೆಟ್ಟಿಲ್ಲ; ಆದರೂ ಪಟ್ಟಿ ಮೊಂಡು ಹಿಡಿಯುತ್ತದೆ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವರು ಉದ್ದನೆಯ ಗಳು ಹಿಡಿಯುವುದು ಇದರಿಂದಲೇ. ಪಿಯುಸಿ ತರಗತಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯ ಎಂದು ಕಲಿಯುವ ಪರಿಮಾಣ ಇದು. ಇಲ್ಲಿ ಅದನ್ನು ತಿರುಗುಜಡತ್ವ ಎನ್ನೋಣ. ಟಾರ್ಕ್ ದೂರಕ್ಕೆ ಅನುಪಾತದಲ್ಲಿದ್ದರೆ, ತಿರುಗುಜಡತ್ವ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.

ಬಿಲ್ಲಿನ ಮುಂದೆ 25 ಸೆಂ.ಮೀ. ದೂರದಲ್ಲಿ 300 ಗ್ರಾಂ ಇಟ್ಟರೆ ಕೈಮೇಲಿನ ಟಾರ್ಕ್ 7500 ಗ್ರಾಂ-ಸೆಂ.ಮೀ. 75 ಸೆಂ.ಮೀ. ದೂರದಲ್ಲಿ 100 ಗ್ರಾಂ ಇಟ್ಟರೂ ಅಷ್ಟೇ. ಆದರೆ ತಿರುಗುಜಡತ್ವ? ಮೊದಲನೆಯದರಲ್ಲಿ 300 × 25 × 25 = 1,87,500; ಎರಡನೆಯದರಲ್ಲಿ 100 × 75 × 75 = 5,62,500 ಗ್ರಾಂ-ಚದರ ಸೆಂ.ಮೀ. ಮೂರನೆಯ ಒಂದು ಭಾಗ ತೂಕಕ್ಕೆ ಮೂರು ಪಟ್ಟು ಸ್ಥಿರತೆ! ಸ್ಪರ್ಧೆಯ ಬಿಲ್ಲಿನ ಕೋಲು ಉದ್ದವಾಗಿರುವುದಕ್ಕೆ, ಕೋಲು ಹಗುರವಾಗಿದ್ದು ತೂಕವೆಲ್ಲ ತುದಿಯಲ್ಲಿರುವುದಕ್ಕೆ ಇದೇ ಕಾರಣ. ಆ ಕೋಲುಗಳನ್ನು ಹೆಚ್ಚಾಗಿ ಕಾರ್ಬನ್ ಫೈಬರ್‌ನಿಂದ ಮಾಡುತ್ತಾರೆ. ನಮ್ಮ ಅಡಿಕೆ ತೋಟಗಳಿಗೆ ಈಚಿನ ವರ್ಷಗಳಲ್ಲಿ ಬಂದಿರುವ ಹಗುರ ದೋಟಿಯೂ ಅದೇ ವಸ್ತುವಿನದು.

ಮುಂದಿನ ತೂಕ ಬಿಲ್ಲಿನ ಮೂತಿಯನ್ನು ಕೆಳಕ್ಕೆ ಎಳೆಯುತ್ತದೆ. ಅದಕ್ಕೆ ಉತ್ತರ ಹಿಂದಿನ ಕೋಲು. 30 ಸೆಂ.ಮೀ. ಹಿಂದೆ 250 ಗ್ರಾಂ ಇಟ್ಟರೆ ಅದರ ಟಾರ್ಕ್ ಕೂಡ 7500. ದಿಕ್ಕು ವಿರುದ್ಧವಾದ್ದರಿಂದ ಎರಡೂ ಸೇರಿ ಸೊನ್ನೆ. ತಿರುಗುಜಡತ್ವ ಮಾತ್ರ ರದ್ದಾಗುವುದಿಲ್ಲ, ಏಕೆಂದರೆ ಋಣಸಂಖ್ಯೆಯ ವರ್ಗವೂ ಧನವೇ! 5,62,500ಕ್ಕೆ ಇನ್ನೂ 2,25,000 ಸೇರುತ್ತದೆ. ಮುಂದೆ ಒಂದು ಪಾಲು ತೂಕವಿಟ್ಟರೆ ಹಿಂದೆ ಎರಡರಿಂದ ಮೂರು ಪಾಲು ಇಡುವುದು ಬಿಲ್ಲುಗಾರರಲ್ಲಿ ರೂಢಿ. ನಮ್ಮ ಲೆಕ್ಕದಲ್ಲಿ ಬಂದದ್ದು ಎರಡೂವರೆ. ಹೀಗೆ ಅನುಭವ ಮತ್ತು ಸಮೀಕರಣ ಒಂದೇ ಕಡೆ ಬಂದು ನಿಲ್ಲುವುದನ್ನು ತರಗತಿಯಲ್ಲಿ ತೋರಿಸುವುದು ಒಳ್ಳೆಯದು.

ವಿದ್ಯಾರ್ಥಿಗಳು ಹೆಚ್ಚಾಗಿ ಮರೆಯುವ ಅಂಶವೊಂದಿದೆ. ತಿರುಗುಜಡತ್ವವನ್ನು ಹೇಳುವಾಗ ಯಾವ ಅಕ್ಷದ ಸುತ್ತ ಎಂದೂ ಹೇಳಬೇಕು. ಮುಂದಕ್ಕೆ ಚಾಚಿದ ಕೋಲು ಬಿಲ್ಲು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಮುಖ ತಿರುಗಿಸುವುದನ್ನು ತಡೆಯುತ್ತದೆ. ಆದರೆ ಬಾಣದ ಗೆರೆಯ ಸುತ್ತ ಬಿಲ್ಲು ಮಗ್ಗುಲಾಗುವುದನ್ನು ಅದು ತಡೆಯಲಾರದು, ಏಕೆಂದರೆ ಕೋಲು ಹೆಚ್ಚುಕಡಿಮೆ ಅದೇ ಅಕ್ಷದ ಮೇಲಿದೆ. ದೂರವೇ ಇಲ್ಲದಿದ್ದರೆ ವರ್ಗವೆಲ್ಲಿಂದ ಬಂತು? ಮಗ್ಗುಲಾಗುವುದಕ್ಕೆ ಮದ್ದು ಎಡಕ್ಕೆ ಓರೆಯಾಗಿ ಚಾಚಿದ ಹಿಂಗೋಲು. ನಮ್ಮ ಉದಾಹರಣೆಯ 230 ಗ್ರಾಂ ತೂಕ 20 ಸೆಂ.ಮೀ. ದೂರದಲ್ಲಿ ಬತ್ತಳಿಕೆಯ ಎಳೆತವನ್ನು ನೀಗಿಸುವುದಲ್ಲದೆ, ಬತ್ತಳಿಕೆಗಿಂತ ಮೂರು ಪಟ್ಟು ತಿರುಗುಜಡತ್ವವನ್ನೂ ಕೊಡುತ್ತದೆ. ಅದನ್ನು ಹಿಡಿಗಿಂತ ಕೆಳಗೆ ಕೂರಿಸಿದರೆ ಗುರುತ್ವಕೇಂದ್ರವೂ ಕೆಳಗಿಳಿದು, ಗಾರೆಯವರ ತೂಗುಗುಂಡಿನಂತೆ ಬಿಲ್ಲು ತಾನಾಗಿ ನೆಟ್ಟಗಾಗಲು ನೋಡುತ್ತದೆ.

ಹೆದೆ ಬಿಟ್ಟಮೇಲೂ ಕೋಲಿನ ಕೆಲಸ ಮುಗಿಯುವುದಿಲ್ಲ. ಬಾಣ ಹೆದೆಯಿಂದ ಬೇರ್ಪಡಲು ಸುಮಾರು 12 ಮಿಲಿಸೆಕೆಂಡು ಬೇಕು. ಆಗ ಕೈ ಹಿಡಿಯನ್ನು ತುಸು ತಿರುಚಿದ್ದರೂ ಬಿಲ್ಲು ತಿರುಗತೊಡಗುತ್ತದೆ, ಬಾಣವನ್ನೂ ತಿರುಗಿಸುತ್ತದೆ. ತಿರುಗುಜಡತ್ವ ಎರಡು ಪಟ್ಟಾದರೆ ಅಷ್ಟು ಹೊತ್ತಿನಲ್ಲಿ ತಿರುಗುವ ಕೋನ ಅರ್ಧವಾಗುತ್ತದೆ.

ಹಾಗಾದರೆ ಬೇಟೆಗಾರನೂ ಮುಕ್ಕಾಲು ಮೀಟರ್ ಕೋಲು ಕಟ್ಟಬಾರದೇಕೆ? ಪೊದೆಗಳ ನಡುವೆ ನುಸುಳಬೇಕು, ಮರದ ಮೇಲಿನ ಅಟ್ಟಣೆಯಲ್ಲಿ ಸದ್ದಿಲ್ಲದೆ ಹೊರಳಬೇಕು. ಆದ್ದರಿಂದ ಅವನಿಗೆ ದಕ್ಕುವುದು 15ರಿಂದ 30 ಸೆಂ.ಮೀ. ಕೋಲು ಮಾತ್ರ. ಅಂಗಡಿಯಲ್ಲಿ ಸಿಗುವ 15 ಸೆಂ.ಮೀ. ರಬ್ಬರ್ ಕೋಲು ಸ್ಥಿರತೆಗೆ ಹೆಚ್ಚೇನೂ ನೆರವಾಗದು. ಅದು ಮುಖ್ಯವಾಗಿ ಕಂಪನವನ್ನೂ ಸದ್ದನ್ನೂ ಹೀರುತ್ತದೆ. ಅದೂ ಬೇಕಾದದ್ದೇ: ಹೆದೆಯ ಸದ್ದು 36 ಮೀಟರನ್ನು 0.1 ಸೆಕೆಂಡಿನಲ್ಲಿ ದಾಟುತ್ತದೆ, ಬಾಣ ಬರುವುದು 0.3 ಸೆಕೆಂಡು ತಡವಾಗಿ. ಬೆದರಿದ ಜಿಂಕೆ ಅಷ್ಟರಲ್ಲಿ ಓಡಲು ಮೈ ತಗ್ಗಿಸಿರುತ್ತದೆ. ತೂಕ ಹೆಚ್ಚಿಸುತ್ತ ಹೋಗುವುದೂ ಪರಿಹಾರವಲ್ಲ. ಜಿಂಕೆ ಮರೆಯಿಂದ ಹೊರಬರುವ ತನಕ ಬಿಲ್ಲೆಳೆದು ಕಾದ ತೋಳು ದಣಿದರೆ, ಗಳಿಸಿದ ಸ್ಥಿರತೆಯೆಲ್ಲ ನಡುಕದಲ್ಲಿ ಹೋಗುತ್ತದೆ. ಗಿಡ್ಡ ಕೋಲಿನವರು ಮೊದಲು ಎಡಬಲ ಸಮತೋಲನಕ್ಕೆ ತೂಕ ವ್ಯಯಿಸುವುದೇ ಜಾಣತನ ಎಂದು ನನಗನ್ನಿಸುತ್ತದೆ.

ಹೊಂದಿಸುವ ಕ್ರಮ ಸರಳ. ಕಾಡಿಗೆ ಒಯ್ಯುವ ಎಲ್ಲ ಸಾಮಾನನ್ನೂ ಬಿಲ್ಲಿಗೆ ಕಟ್ಟಿದ ಮೇಲೆಯೇ ಆರಂಭಿಸಬೇಕು. ಬಾಣ ಹೂಡಿ, ಸುರಕ್ಷಿತ ಗುರಿಯತ್ತ ಬಿಲ್ಲೆಳೆದು, ಕಣ್ಣು ಮುಚ್ಚಿ, ಕೈಯನ್ನು ಸಡಿಲವಾಗಿಟ್ಟು, ಬಿಲ್ಲು ತಾನಾಗಿ ನೆಲೆಗೊಳ್ಳಲು ಬಿಡಬೇಕು. ಕಣ್ಣು ತೆರೆದಾಗ ಸೈಟಿನಲ್ಲಿರುವ ಪುಟ್ಟ ರಸಮಟ್ಟವನ್ನು ನೋಡಬೇಕು. ಗುಳ್ಳೆ ಎಡಕ್ಕೆ ಹೋಗಿದ್ದರೆ ಬಿಲ್ಲು ಬಲಕ್ಕೆ ವಾಲಿದೆ ಎಂದರ್ಥ. ಹಿಂಗೋಲನ್ನು ಇನ್ನಷ್ಟು ಎಡಕ್ಕೆ ಸರಿಸಬೇಕು, ಇಲ್ಲವೇ ಅದಕ್ಕೊಂದು ಬಿಲ್ಲೆ ಸೇರಿಸಬೇಕು. ಒಂದು ಬಿಲ್ಲೆ ಸಾಮಾನ್ಯವಾಗಿ ಒಂದು ಔನ್ಸ್, ಸುಮಾರು 28 ಗ್ರಾಂ. ಸೈಟಿನ ಚುಕ್ಕೆ ಗುರಿಯಿಂದ ಕೆಳಕ್ಕೆ ಜಾರುತ್ತಲೇ ಇದ್ದರೆ ಮುಂದಿನ ತೂಕ ಹೆಚ್ಚಾಗಿದೆ. ಮೇಲಕ್ಕೆ ತೇಲುತ್ತಿದ್ದರೆ ಕಡಿಮೆಯಾಗಿದೆ. ಪ್ರತಿಸಲ ಒಂದೇ ಬಿಲ್ಲೆ ಬದಲಿಸಿ, ಹತ್ತಾರು ಬಾಣ ಬಿಟ್ಟು ನೋಡಿ, ಆಮೇಲೆ ಮುಂದಿನದು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಬತ್ತಳಿಕೆಯಿಂದ 25 ಗ್ರಾಂ.ನ ಒಂದು ಬಾಣ ತೆಗೆದರೆ 200 ಗ್ರಾಂ-ಸೆಂ.ಮೀ. ಟಾರ್ಕ್ ಕಡಿಮೆಯಾಗುತ್ತದೆ. ಐದು ಬಾಣವಿರುವಾಗ ಹೊಂದಿಸಿದ ಬಿಲ್ಲು ಎರಡೇ ಉಳಿದಾಗ ಎಡಕ್ಕೆ ಎಷ್ಟು ಎಳೆಯುತ್ತದೆ, ಆಗ ಹಿಂಗೋಲಿನ ತೂಕವನ್ನು ಎಷ್ಟು ಸೆಂ.ಮೀ. ಒಳಕ್ಕೆ ಸರಿಸಬೇಕು? ಮೇಲಿನ ಅಂಕಿಗಳನ್ನೇ ಬಳಸಿ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. ಉತ್ತರ ಮೂರು ಸೆಂ.ಮೀ.ಗಿಂತ ತುಸು ಕಡಿಮೆ ಬರಬೇಕು. ಈ ಗೊಡವೆಯೇ ಬೇಡವೆಂದು ಕೆಲವು ಬೇಟೆಗಾರರು ಅಟ್ಟಣೆ ಏರಿದೊಡನೆ ಬತ್ತಳಿಕೆಯನ್ನು ಬಿಲ್ಲಿನಿಂದ ಕಳಚಿ ಕೊಂಬೆಗೆ ತೂಗುಹಾಕುತ್ತಾರೆ. ಆಗ ಬಿಲ್ಲನ್ನು ಬತ್ತಳಿಕೆಯಿಲ್ಲದೆಯೇ ಹೊಂದಿಸಿಕೊಂಡಿರಬೇಕು, ಅಷ್ಟೆ.