ಎಂಜಿನ್ ಮಿಡಿತ ತಪ್ಪಿದಾಗ

ಎತ್ತಿನ ಗಾಡಿ ಹೂಡುತ್ತಿದ್ದ ಕಾಲದಲ್ಲಿ ಎತ್ತು ಕುಂಟತೊಡಗಿದರೆ ಮನೆಯ ಹಿರಿಯರು ಮೊದಲು ಯಾವ ಕಾಲೆಂದು ನೋಡುತ್ತಿದ್ದರು. ಆ ಬಳಿಕವೇ ಮುಳ್ಳು ಚುಚ್ಚಿದೆಯೋ, ಲಾಳ ಸಡಿಲವಾಗಿದೆಯೋ, ಕೀಲು ನೋಯುತ್ತಿದೆಯೋ ಎಂದು ವಿಚಾರಿಸುತ್ತಿದ್ದರು. ನಾಲ್ಕೂ ಕಾಲುಗಳಿಗೆ ಒಮ್ಮೆಲೇ ಮದ್ದು ಹಚ್ಚುವ ಅವಿವೇಕಕ್ಕೆ ಯಾರೂ ಇಳಿಯುತ್ತಿರಲಿಲ್ಲ. ಇಂದು ಅನೇಕ ಮನೆಗಳ ಅಂಗಳದಲ್ಲಿ ಆ ಸ್ಥಾನಕ್ಕೆ ಕಾರು ಬಂದಿದೆ. ಕೂಡಲಸಂಗಮಕ್ಕೋ, ಸಿದ್ಧಗಂಗೆಯ ಜಾತ್ರೆಗೋ, ನೆಂಟರ ಮನೆಯ ಮದುವೆಗೋ ಮನೆಮಂದಿಯೆಲ್ಲ ಹೊರಟಾಗ ಎಂಜಿನ್ ನಡುಗುತ್ತದೆ, ಏರಿನಲ್ಲಿ ಜರ್ಕ್ ಹೊಡೆಯುತ್ತದೆ, ಪಿಕಪ್ ಕುಗ್ಗುತ್ತದೆ. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಆಗ ಗಾಬರಿಗೊಂಡು ಪ್ಲಗ್, ಕಾಯಿಲ್, ಪಂಪ್ ಎಂದು ಒಂದೊಂದನ್ನೇ ಬದಲಾಯಿಸುತ್ತ ಹೋದರೆ ಹಣ ಪೋಲಾಗುವುದೇ ಹೊರತು ದೋಷ ತೊಲಗುವ ಭರವಸೆಯಿಲ್ಲ.

ದೋಷದ ಸ್ವರೂಪ

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಮೂರು ಸಂಗತಿಗಳು ಅವಶ್ಯ: ಹಿತಮಿತವಾದ ಗಾಳಿ–ಪೆಟ್ರೋಲ್ ಮಿಶ್ರಣ, ಅದನ್ನು ಅದುಮಿ ಹಿಡಿಯುವ ಒತ್ತಡ, ತಕ್ಕ ಕ್ಷಣದಲ್ಲಿ ಹೊತ್ತಿಸುವ ಕಿಡಿ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಬಾರಿ ಈ ಮೂರೂ ಒಂದುಗೂಡಬೇಕು. ಯಾವುದೊಂದು ತಪ್ಪಿದರೂ ಆ ಸಿಲಿಂಡರ್ ದುಡಿಯದೆ ಉಳಿದವುಗಳಿಗೆ ಹೊರೆಯಾಗುತ್ತದೆ. ನಮಗೆ ತಿಳಿಯುವ ನಡುಕ ಇದೇ.

ಇದನ್ನು ಅಲಕ್ಷಿಸುವುದು ತರವಲ್ಲ. ಸುಡದೆ ಉಳಿದ ಪೆಟ್ರೋಲ್ ಹೊಗೆಯ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತದೆ; ವಿಪರೀತ ಕಾವಿಗೆ ಅದರ ಒಳಭಾಗ ಕರಗಿಹೋಗಬಹುದು. ಪ್ಲಗ್ಗಿನ ಬೆಲೆಯಲ್ಲಿ ಮುಗಿಯಬೇಕಾದ ರಿಪೇರಿ ಅದರ ಎಷ್ಟೋ ಪಟ್ಟು ಖರ್ಚಿಗೆ ಬೀಳುತ್ತದೆ. ಅನೇಕ ಕಾರುಗಳಲ್ಲಿ ಎಂಜಿನ್ ಎಚ್ಚರಿಕೆಯ ದೀಪ ಸ್ಥಿರವಾಗಿ ಬೆಳಗುವ ಬದಲು ಮಿನುಗತೊಡಗಿದರೆ ಈ ಅಪಾಯ ಎದುರಿಗಿದೆ ಎಂದರ್ಥ. ಘಾಟಿ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವ ಹೊತ್ತಿಗೆ ಎಂಜಿನ್ ಸೋತರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ವೇಗ ತಗ್ಗಿಸಿ, ಸುರಕ್ಷಿತವಾದ ಸ್ಥಳದಲ್ಲಿ ಗಾಡಿ ನಿಲ್ಲಿಸುವುದೇ ಲೇಸು. ಪ್ರಯಾಣವನ್ನು ನಾಳೆಯೂ ಕೈಗೊಳ್ಳಬಹುದು.

ಮೊದಲು ಸಿಲಿಂಡರ್, ಅನಂತರ ಕಾರಣ

ದೋಷವಿರುವುದು ಯಾವ ಸಿಲಿಂಡರಿನಲ್ಲಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಂದಿನ ಕಾರುಗಳಲ್ಲಿ ಇದು ಸುಲಭ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದರೆ ಸಂಕೇತಸಂಖ್ಯೆ ದೊರೆಯುತ್ತದೆ. ಪಿ 0301 ಎಂದರೆ ಒಂದನೆಯ ಸಿಲಿಂಡರ್, ಪಿ 0302 ಎಂದರೆ ಎರಡನೆಯದು. ಪಿ 0300 ಎಂದು ಬಂದರೆ ದೋಷ ಒಂದೇ ಕಡೆ ನಿಲ್ಲದೆ ಅಲೆಯುತ್ತಿದೆ ಎಂದು ತಿಳಿಯಬೇಕು. ಆಗ ಎಲ್ಲ ಸಿಲಿಂಡರುಗಳಿಗೂ ಸಂಬಂಧಿಸಿದ ಇಂಧನದ ಒತ್ತಡ, ಗಾಳಿಯ ಸೋರಿಕೆ, ನೀರು ಬೆರೆತ ಪೆಟ್ರೋಲ್ ಇವುಗಳತ್ತ ಗಮನ ಹರಿಸುವುದು ಯುಕ್ತ. ಆದರೆ ಈ ಸಂಖ್ಯೆಯು ದೋಷದ ಸ್ಥಳವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ ಎಂಬುದನ್ನು ಮರೆಯಬಾರದು.

ಎರಡನೆಯ ಸಿಲಿಂಡರ್ ಎಂದು ತಿಳಿಯಿತೆನ್ನೋಣ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಿನಲ್ಲಿ, ಎಂಜಿನ್ ನಿಲ್ಲಿಸಿ ಕೀಲಿ ತೆಗೆದು, ಎರಡನೆಯ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿಸಬೇಕು. ಹಳೆಯ ಸಂಖ್ಯೆ ಅಳಿಸಿ ಮತ್ತೆ ಓಡಿಸಿ ನೋಡಿದಾಗ ದೋಷ ಮೂರನೆಯದಕ್ಕೆ ಹೋಗಿದ್ದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲಿಯೇ ಉಳಿದಿದ್ದರೆ ಪ್ಲಗ್ಗುಗಳನ್ನು ಅದೇ ರೀತಿ ಅದಲುಬದಲು ಮಾಡಿ ಪರೀಕ್ಷಿಸಬೇಕು. ಇಷ್ಟು ತಿಳಿಯಲು ಹೊಸ ಭಾಗ ಒಂದನ್ನೂ ಕೊಳ್ಳಬೇಕಾಗಿಲ್ಲ.

ಹೊರತೆಗೆದ ಪ್ಲಗ್ ತಾನೂ ಬಹಳಷ್ಟು ಹೇಳುತ್ತದೆ. ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಉರಿ ಸರಿಯಾಗಿದೆ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿರಬಹುದು ಅಥವಾ ಕಿಡಿ ದುರ್ಬಲವಾಗಿರಬಹುದು. ಎಣ್ಣೆ ಮೆತ್ತಿದ್ದರೆ ಎಂಜಿನ್ ಆಯಿಲ್ ಒಳನುಗ್ಗುತ್ತಿದೆ. ಬಿಳುಪೇರಿ ಬೊಕ್ಕೆ ಎದ್ದಿದ್ದರೆ ಕಾವು ಮಿತಿಮೀರಿದೆ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಿಡಿ ದಾರಿ ತಪ್ಪುತ್ತದೆ. ಮಳೆಗಾಲದಲ್ಲಿ ಪ್ಲಗ್ಗಿನ ಕುಳಿಯಲ್ಲಿ ನಿಂತ ನೀರು, ಇಲಿ ಕಡಿದ ವೈರು ಇವೂ ಕಾರಣವಾಗುವುದುಂಟು.

ಕಿಡಿಯಲ್ಲಿ ಲೋಪವಿಲ್ಲದಿದ್ದರೆ ಇಂಜೆಕ್ಟರ್ ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ ಹಿಡಿಕೆಗೆ ಕಿವಿಗೊಟ್ಟರೆ, ಕೆಲಸ ಮಾಡುತ್ತಿರುವ ಇಂಜೆಕ್ಟರಿನಿಂದ ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ನಿಂತಲ್ಲಿ ನಡುಗಿ, ವೇಗ ಹೆಚ್ಚಿದಂತೆ ಸರಿಹೋಗುವ ಎಂಜಿನ್ನಿನಲ್ಲಿ ಗಾಳಿಯ ಕೊಳವೆ ಬಿರಿದಿರುವ ಸಂಭವವುಂಟು.

ಕೊನೆಯದು ಒತ್ತಡದ ಪರೀಕ್ಷೆ. ಒಂದು ಸಿಲಿಂಡರಿನ ಒತ್ತಡ ಮಾತ್ರ ಬಹಳ ಕಡಿಮೆ ಇದ್ದರೆ ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಬಹುಶಃ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಸಂಶಯಪಡಬೇಕು.

ಎರಡು ಎಚ್ಚರಿಕೆಗಳು ಅಗತ್ಯ. ಕಿಡಿಯ ವಿದ್ಯುತ್ತು ಹತ್ತಾರು ಸಾವಿರ ವೋಲ್ಟುಗಳದ್ದು. ಎಂಜಿನ್ ಚಾಲೂ ಇರುವಾಗ ಪ್ಲಗ್ ವೈರನ್ನು ಕೈಯಿಂದ ಕೀಳುವ ಸಾಹಸ ಬೇಡ. ಪ್ಲಗ್ ಬಿಚ್ಚುವ ಮುನ್ನ ಎಂಜಿನ್ ತಣ್ಣಗಾಗಬೇಕು, ಕುಳಿಯ ಧೂಳು ಹೋಗಬೇಕು. ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಮರೆ ತಪ್ಪಿದರೆ ಎಂಜಿನ್ ಹೆಡ್ಡೇ ಹಾಳಾದೀತು.

ಹುಡುಕುವುದೂ ಕಾಯಕವೇ

ಇವೆಲ್ಲವನ್ನೂ ಮನೆಯಲ್ಲಿಯೇ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಮಿಸ್ಸಿಂಗ್ ಯಾವಾಗ ಕಾಣಿಸುತ್ತದೆ, ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲೋ, ಏರಿನಲ್ಲೋ, ಮಳೆ ಬಂದ ಮರುದಿನವೋ ಎಂದು ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತಿಳಿಸಿದರೂ ಅರ್ಧ ಕೆಲಸ ಆದಂತೆಯೇ. ಯಾವ ಸಿಲಿಂಡರ್, ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ವಿನಯದಿಂದ ಕೇಳಬೇಕು; ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಲು ಹೇಳಬೇಕು.

ಇದರೊಡನೆ ನಮ್ಮ ನಡೆಯನ್ನೂ ತಿದ್ದಿಕೊಳ್ಳಬೇಕಾಗಿದೆ. ಹೊಸ ಭಾಗಕ್ಕೆ ಸಾವಿರಾರು ರೂಪಾಯಿ ಮರುಮಾತಿಲ್ಲದೆ ಕೊಡುವ ನಾವು, ಒಂದು ತಾಸು ತಾಳ್ಮೆಯಿಂದ ದೋಷ ಹುಡುಕಿದವರ ಕೂಲಿಗೆ ಮಾತ್ರ ಚೌಕಾಸಿ ಮಾಡುತ್ತೇವೆ. ಹುಡುಕಾಟಕ್ಕೆ ಬೆಲೆಯಿಲ್ಲದಿದ್ದಲ್ಲಿ ಊಹೆಯಿಂದ ಭಾಗ ಬದಲಾಯಿಸುವ ರೂಢಿ ಬೆಳೆದರೆ ಆಶ್ಚರ್ಯವೇನು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಿದೇವರೂ ತಮ್ಮ ಕಾಯಕದಿಂದಲೇ ಶರಣರ ನಡುವೆ ಗೌರವ ಪಡೆದರು. ಕೈಗೆ ಮಸಿ ಹಚ್ಚಿಕೊಂಡು ಸತ್ಯಶುದ್ಧವಾಗಿ ದುಡಿಯುವ ಮೆಕ್ಯಾನಿಕ್ ಆ ಪರಂಪರೆಗೆ ಹೊರಗಿನವನಲ್ಲ. ಅವನ ಶ್ರಮಕ್ಕೆ ತಕ್ಕ ಕೂಲಿಯನ್ನು ಸಂತೋಷದಿಂದ ಸಲ್ಲಿಸೋಣ. ಮುಂದಿನ ಯಾತ್ರೆಗೆ ಮನೆಯ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಹೊರಡುವಾಗ ನಮಗೆ ಬೇಕಾದ ನಿಶ್ಚಿಂತೆ ದೊರೆಯುವುದು ಅವನ ಆ ಶ್ರಮದಿಂದಲೇ.