ಚಳಿಯಲ್ಲಿ ಓಡುವ ಹುಡುಗರು: ಮೊದಲ ಹದಿನೈದು ನಿಮಿಷದ ಮಾತು

ಚಳಿ ಬಿತ್ತು ಅಂದರೆ ನಮಗೆಲ್ಲ ಕಂಬಳಿಯನ್ನು ಇನ್ನೊಂದು ಸುತ್ತು ಎಳೆದುಕೊಳ್ಳುವ ಕಾಲ. ಆದರೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಗಿನ ಮೊದಲ ಬಸ್ಸು ಹತ್ತುವವರಿಗೆ ಬೇರೆ ನೋಟ ಗೊತ್ತು. ಕಿಟಕಿ ಗಾಜು ಒರೆಸಿ ನೋಡಿದರೆ ಮಂಜಿನೊಳಗೆ ಹುಡುಗರು ಗುಂಪು ಗುಂಪಾಗಿ ಓಡ್ತಾ ಇರ್ತಾರೆ. ನೆಹರೂ ಕ್ರೀಡಾಂಗಣ, ಸಹ್ಯಾದ್ರಿ ಕಾಲೇಜು ಮೈದಾನ, ಭದ್ರಾವತಿಯ ಕನಕ ಮಂಟಪ ಮೈದಾನಗಳಿಗೂ ಇವರೇ ಬೆಳಗಿನ ಗಿರಾಕಿಗಳು. ಹೊಟ್ಟೆ ಕರಗಿಸೋಕೆ ಓಡುವವರಲ್ಲ ಇವರು. ಹೊಟ್ಟೆಪಾಡಿಗೆ ಓಡುವವರು. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು, ಇಲ್ಲವೇ ಸೈನ್ಯ ಸೇರಬೇಕು.

ಭದ್ರಾವತಿಯ ಹುಡುಗನಿಗೆ ಒಂದು ಕಾಲದಲ್ಲಿ ಇಷ್ಟು ದೂರ ಓಡುವ ಅಗತ್ಯ ಇರಲಿಲ್ಲ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲೋ ಪೇಪರ್ ಮಿಲ್ಲಿನಲ್ಲೋ ಇದ್ದರೆ ಮಗನೂ ಅದೇ ಗೇಟಿನ ಕಡೆ ನೋಡ್ತಿದ್ದ. ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಅಷ್ಟಿಷ್ಟು ಕೆಲಸ ಮತ್ತೆ ಶುರುವಾಯಿತು. ಗೇಟು ಚಿಕ್ಕದಾಯಿತು, ಮೈದಾನ ತುಂಬಿತು.

ಸೆಕೆಂಡಿನ ಲೆಕ್ಕ

ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಹೆಣ್ಣುಮಕ್ಕಳಿಗೆ 400 ಮೀಟರ್, 2 ನಿಮಿಷ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಸೈನ್ಯ ಭರ್ತಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಿದವನಿಗೆ ಪೂರ್ತಿ 60 ಅಂಕ. ಸುತ್ತಿಗೆ ಎಂಬತ್ತೆರಡೂವರೆ ಸೆಕೆಂಡು ಬಿತ್ತು! ಒಂದು ಸಲ ತೊಡೆಯ ಹಿಂಭಾಗ ಹಿಡಿದುಕೊಂಡರೆ ವರ್ಷದ ಶ್ರಮ ನೀರುಪಾಲು. ವಯಸ್ಸಿನ ಮಿತಿ ಮಾತ್ರ ಯಾರಿಗೂ ಕಾಯೋದಿಲ್ಲ.

ಚಳಿ ಕೈ ಕೊಡುವುದು ಇಲ್ಲೇ. ಮಲೆನಾಡಿನ ಬಾಗಿಲಲ್ಲಿರುವ ನಮ್ಮೂರಿನಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಕೆಲವು ದಿನ 15 ಡಿಗ್ರಿಯ ಆಸುಪಾಸು ಇರುತ್ತೆ. ಕಾಶ್ಮೀರದವರು ಕೇಳಿದರೆ ನಕ್ಕಾರು. ಆದರೆ ಹಾಸಿಗೆಯಿಂದ ಎದ್ದ ಮೈಗೆ ಅಷ್ಟೇ ಸಾಕು. ತಣ್ಣಗಿರುವ ಸ್ನಾಯು ಹಗ್ಗದ ಹಾಗೆ ಬಿಗಿ, ಜಗ್ಗಿದರೆ ಹರಿಯುತ್ತೆ. ಒಬ್ಬನೇ ಓಡುವವನು ಮೈ ಹೇಳಿದಂತೆ ಕೇಳ್ತಾನೆ. ಗುಂಪಿನಲ್ಲಿ ಹಾಗಲ್ಲ. ಮುಂದಿನವನು ಬಿಟ್ಟ ಬಾಣದಂತೆ ಹೊರಟರೆ ಹಿಂದಿನವನಿಗೆ ಮರ್ಯಾದೆ ಪ್ರಶ್ನೆ. ಬಿದ್ದೆನೋ ಕೆಟ್ಟೆನೋ ಅಂತ ಬೆನ್ನು ಹತ್ತುತ್ತಾನೆ. ಪೆಟ್ಟು ಬೀಳೋದು ಅವನಿಗೆ.

ಗರಡಿಯ ಪಾಠ

ಗರಡಿಯಲ್ಲಿ ಸಾಮು ಮಾಡಿದ ಹಿರಿಯರನ್ನು ಕೇಳಿ. ನೇರವಾಗಿ ಅಖಾಡಕ್ಕೆ ಯಾರೂ ಇಳೀತಿರಲಿಲ್ಲ. ಬಸ್ಕಿ ಹೊಡೆದು, ದಂಡ ತೆಗೆದು, ಮೈ ಬೆವರಿದ ಮೇಲೇ ಜೋಡಿ ಹಿಡಿಯೋದು. ಇವತ್ತಿನ ಓಟಕ್ಕೂ ಅದೇ ಪಾಠ. ಮೊದಲು ಐದು ನಿಮಿಷ ಬಿರುಸಾದ ನಡಿಗೆ, ಆಮೇಲೆ ಐದು ನಿಮಿಷ ನಿಧಾನದ ಓಟ, ಕೊನೆಯ ಐದು ನಿಮಿಷ ಕೈಕಾಲು ಬೀಸುವುದು, ಮೊಣಕಾಲು ಎತ್ತಿ ಹೆಜ್ಜೆ ಹಾಕುವುದು, ಬಸ್ಕಿ. ನಿಂತಲ್ಲೇ ಕಾಲು ಎಳೆದು ಹಿಡಿಯುವ ಕಸರತ್ತನ್ನು ಓಟ ಮುಗಿದ ಮೇಲೆ ಇಟ್ಟುಕೊಳ್ಳಿ. ಗುಂಪನ್ನು ವೇಗಕ್ಕೆ ತಕ್ಕಂತೆ ಎರಡೋ ಮೂರೋ ಮಾಡಿ. ಹೊಸಬನನ್ನು ಹಳೆ ಹುಲಿಯ ಜೊತೆ ಕಟ್ಟಬೇಡಿ.

ಬಟ್ಟೆಯ ವಿಷಯಕ್ಕೆ ಬನ್ನಿ. ಒಂದೇ ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಅಂಗಿ ಮೇಲು. ಮೈ ಬಿಸಿಯಾದಾಗ ಮೇಲಿನದು ತೆಗೆದು ಸೊಂಟಕ್ಕೆ ಕಟ್ಟಬಹುದು. ಹತ್ತಿ ಬನಿಯನ್ ಬೆವರು ಕುಡಿದು ಒದ್ದೆಯಾಗಿ ಕೂರುತ್ತೆ. ಓಟ ನಿಂತ ಕೂಡಲೇ ಗಾಳಿ ಬೀಸಿತೋ, ನಡುಕ. ಆದ್ದರಿಂದ ಚೀಲದಲ್ಲಿ ಒಣ ಅಂಗಿ ಒಂದು ಇರಲೇಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗೋದಿಲ್ಲ, ಆದರೆ ಬೆವರು ಹೋಗೋದು ಹೋಗುತ್ತೆ. ನೀರು ಬೇಕು. ಬರೀ ಹೊಟ್ಟೆಯಲ್ಲಿ ಓಡುವ ಬದಲು ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ಸಾಕು.

ಉಬ್ಬಸ ಇರುವವರು ಎಚ್ಚರ. ತಣ್ಣನೆಯ ಒಣಗಾಳಿ ಬಾಯಲ್ಲಿ ಎಳೆದರೆ ಶ್ವಾಸನಾಳ ಬಿಗಿಯುತ್ತೆ. ಮೂಗಿಗೆ ಮಫ್ಲರ್ ಸುತ್ತಿ, ಡಾಕ್ಟರು ಕೊಟ್ಟ ಇನ್‌ಹೇಲರ್ ಜೇಬಿನಲ್ಲಿಟ್ಟುಕೊಳ್ಳಿ. ಹುಡುಗರನ್ನು ನೋಡಿ ಹುರುಪು ಬಂದು ಮೈದಾನಕ್ಕಿಳಿದ ನಲವತ್ತು ದಾಟಿದ ಅಂಗಡಿ ಸಾಹುಕಾರರಿಗೂ ಒಂದು ಮಾತು. ಚಳಿಗೆ ರಕ್ತನಾಳ ಕುಗ್ಗುತ್ತೆ, ಬಿಪಿ ಏರುತ್ತೆ, ಹೃದಯಕ್ಕೆ ಕೆಲಸ ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ ಬನ್ನಿ, ಬಿಸಿಲು ಬಂದ ಮೇಲೆ ನಡೆಯಿರಿ. ಎದೆ ಹಿಡಿದರೆ, ಎಡಗೈ ಸೆಳೆದರೆ, ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ. ಸೀದಾ ಆಸ್ಪತ್ರೆಗೆ.

ಊರಿನ ಪಾಲು

ಜನವರಿಯಲ್ಲಿ ಸೂರ್ಯ ಮುಖ ತೋರಿಸುವ ಹೊತ್ತಿಗೆ ಏಳು ಗಂಟೆ ಹತ್ತಿರ. ಐದೂವರೆಗೆ ಹೆದ್ದಾರಿಗಿಳಿದ ಹುಡುಗ, ಮಂಜಿನಲ್ಲಿ ಬರುವ ಲಾರಿ ಡ್ರೈವರ್‌ಗೆ ಕಾಣೋದೇ ಇಲ್ಲ. ಕಪ್ಪು ಅಂಗಿ ಬೇಡ, ಬಿಳಿ ಹಾಕಿ. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ಓಡಿ. ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಡಿ. ಆದರೆ ಹುಡುಗರಿಗೆ ಬುದ್ಧಿ ಹೇಳಿ ಮುಗಿಸಿದರೆ ಸಾಲದು. ಕತ್ತಲ ಮೈದಾನದಲ್ಲಿ ದೀಪ ಹಾಕಿ, ಗೇಟನ್ನು ಐದಕ್ಕೇ ತೆಗೆದರೆ ಅವರು ಹೆದ್ದಾರಿಗೆ ಯಾಕೆ ಹೋಗ್ತಾರೆ? ನಾಲ್ಕು ದೀಪದ ಕರೆಂಟು ಬಿಲ್ಲು ಒಂದು ಕಾಲು ಮುರಿದ ಖರ್ಚಿಗಿಂತ ಹೆಚ್ಚಾಗಲಾರದು.

ಬೇಗ ಬಾಗಿಲು ತೆಗೆಯುವ ಹೋಟೆಲಿನವರು, ಹಾಲಿನ ಅಂಗಡಿಯವರು ಇನ್ನೊಂದು ಉಪಕಾರ ಮಾಡಬಹುದು. ಮುಂದಿನ ಬಲ್ಬು ಉರಿಯಲಿ, ಒಂದು ಹಂಡೆ ಬಿಸಿನೀರು ಇರಲಿ. ನಾಳೆ ನಿಮ್ಮ ಬೀದಿಯ ಬೀಟಿಗೆ ಬರುವ ಕಾನ್‌ಸ್ಟೇಬಲ್ ಅದೇ ಹುಡುಗ ಆಗಿರಬಹುದು.