ಮಸೂರ ಅಡಾಪ್ಟರ್
ಮಸೂರ ಅಡಾಪ್ಟರ್ ಎಂಬುದು ಒಂದು ಮೌಂಟ್‌ಗಾಗಿ ರೂಪಿಸಿದ ಮಸೂರವನ್ನು ಬೇರೆ ಮೌಂಟ್‌ನ ಕ್ಯಾಮೆರಾಕ್ಕೆ ಜೋಡಿಸುವ ಉಂಗುರಾಕಾರದ ಸಾಧನ.

ಮೌಂಟ್‌ನಿಂದ ಸಂವೇದಕದವರೆಗಿನ ಅಂತರವು ನಿಕಾನ್ ಎಫ್ ಮೌಂಟ್‌ನಲ್ಲಿ 46.5 ಮಿ.ಮೀ. ಇದೆ. ಒಲಿಂಪಸ್ ಮತ್ತು ಪ್ಯಾನಾಸೋನಿಕ್ 2008ರಲ್ಲಿ ಪ್ರಕಟಿಸಿದ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ ಕನ್ನಡಿ ಇಲ್ಲದಿರುವುದರಿಂದ ಇದು ಸುಮಾರು 19.25 ಮಿ.ಮೀ. ಮಾತ್ರ. ಉಳಿದ 27.25 ಮಿ.ಮೀ. ಅಂತರವನ್ನು ಅಡಾಪ್ಟರ್ ತುಂಬುತ್ತದೆ. ಹೀಗಾಗಿ ಅತಿ ದೂರದ ವಸ್ತುಗಳೂ ಸ್ಪಷ್ಟವಾಗಿ ಮೂಡುತ್ತವೆ.

ವಿದ್ಯುತ್ ಸಂಪರ್ಕವಿಲ್ಲದ ಅಡಾಪ್ಟರ್‌ಗಳಲ್ಲಿ ಸ್ವಯಂಚಾಲಿತ ಫೋಕಸ್ ಕೆಲಸ ಮಾಡುವುದಿಲ್ಲ. ಇವುಗಳಿಗೆ ದ್ಯುತಿರಂಧ್ರದ ಉಂಗುರವಿರುವ ಹಳೆಯ ಮಸೂರಗಳು ಸೂಕ್ತ.

ಈ ವ್ಯವಸ್ಥೆಯ ಸಂವೇದಕ ಚಿಕ್ಕದಾದುದರಿಂದ 50 ಮಿ.ಮೀ. ಮಸೂರದ ನೋಟಕೋನವು 35 ಮಿ.ಮೀ. ಫಿಲ್ಮ್ ಕ್ಯಾಮೆರಾದಲ್ಲಿನ 100 ಮಿ.ಮೀ. ಮಸೂರಕ್ಕೆ ಸಮನಾಗುತ್ತದೆ. ಆದ್ದರಿಂದ ಹಳೆಯ ಮಸೂರಗಳು ವ್ಯಕ್ತಿಚಿತ್ರಗಳಿಗೆ ಹೊಂದುತ್ತವೆ; ವಿಶಾಲ ನೋಟಕ್ಕೆ ಇದೇ ಮೌಂಟ್‌ನ ಮಸೂರಗಳು ಉತ್ತಮ.